ತಜ್ಞರ ಉತ್ತರ: ‘ಇನ್ನೆಷ್ಟು ಕೋಣೆ ಉಂಟು?’ ಎಂದು ಆಟಗಾರರು ಕೇಳತೊಡಗಿದರೆ

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವನು. ಮಳೆಗಾಲ ಶುರುವಾದಾಗಿನಿಂದ ಪ್ರತಿ ಭಾನುವಾರ ಸಂಜೆ ನಮ್ಮ ಮನೆಯ ಚಾವಡಿಯಲ್ಲಿ ಐದು ಜನಕ್ಕೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತಿದ್ದೇನೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಿನಲ್ಲೂ ದಾಳದಲ್ಲೂ ಆಡುವ ಆಟ ಇದು. ಇಬ್ಬರು ದೊಡ್ಡಪ್ಪನ ಮಕ್ಕಳು, ಮೂವರು ಗೆಳೆಯರು. ಆಟ ಪೂರ್ತಿ ಕನ್ನಡದಲ್ಲೇ. ನಿಯಮ 2014ರ ಐದನೇ ಆವೃತ್ತಿಯದು. ಹಾಳುಬಿದ್ದ ಒಂದು ಕೋಟೆಯ ಕೆಳಗೆ 32 ಕೋಣೆಗಳ ನೆಲಮಾಳಿಗೆ ಮಾಡಿದ್ದೇನೆ. ಒಂದೊಂದು ಕೋಣೆಗೂ ಅರ್ಧ ಪುಟ ವರ್ಣನೆ ಬರೆದಿದ್ದೇನೆ. ಆಟ ಊರಲ್ಲೋ ಕಾಡಲ್ಲೋ ನಡೆಯುವಾಗ ಎಲ್ಲರಿಗೂ ಖುಷಿ. ನೆಲಮಾಳಿಗೆಗೆ ಇಳಿದ ಕೂಡಲೇ ಮೊಬೈಲ್ ಕೈಗೆ ಬರುತ್ತದೆ. ಕಳೆದ ವಾರ ಮೂರು ಗಂಟೆಯಲ್ಲಿ ಏಳು ಕೋಣೆ, ನಾಲ್ಕು ಹೊಡೆದಾಟ. ‘ದಾರಿ ಎರಡಾಗುತ್ತದೆ, ಎಡಕ್ಕೋ ಬಲಕ್ಕೋ’ ಎಂದರೆ ‘ಯಾವುದಾದ್ರೂ ಆಗ್ತದೆ’ ಅಂತಾರೆ. ಕೊನೆಗೆ ಒಬ್ಬ ‘ಇನ್ನೆಷ್ಟು ಕೋಣೆ ಉಂಟು?’ ಅಂತ ಕೇಳಿಯೇ ಬಿಟ್ಟ. ರಾಕ್ಷಸರು ಸಾಲದು ಅಂತ ಒಬ್ಬ ಹೇಳುತ್ತಾನೆ. ಬಣ್ಣದ ನಕ್ಷೆ, ಗೊಂಬೆ, ಹಿನ್ನೆಲೆ ಸಂಗೀತ ಬೇಕು ಅಂತ ಇನ್ನೊಬ್ಬ. ಕಂಪ್ಯೂಟರಿನಲ್ಲಿ ನಾನು ಆಡಿದ ಡಂಜನ್‌ಗಳು, ಅಂದರೆ ಇಂಥ ನೆಲಮಾಳಿಗೆಗಳು, ವರ್ಷಗಳಾದರೂ ಮರೆತಿಲ್ಲ. ನನ್ನದು ಮಾತ್ರ ಯಾಕೆ ಹೀಗೆ? ಎಲ್ಲ ಹರಿದು ಹಾಕಿ ಹೊಸದು ಮಾಡಲೋ? ನಕ್ಷೆಯನ್ನು ಆಟಗಾರರಿಗೆ ತೋರಿಸಬೇಕೋ ಬೇಡವೋ?

ಉತ್ತರ: ನಿಮ್ಮ ಪತ್ರ ಓದುವಾಗ ನಾನು ಗೆರೆ ಎಳೆದದ್ದು ಒಂದೇ ಮಾತಿಗೆ. ‘ಯಾವುದಾದ್ರೂ ಆಗ್ತದೆ.’ ನಿಮ್ಮ ತೊಂದರೆ ಪೂರ್ತಿ ಅದರಲ್ಲಿ ಇದೆ. ಅವರಿಗೆ ಬೇಜಾರು ಬಂದದ್ದರಿಂದ ಹಾಗೆ ಹೇಳಿದರು ಅಂತ ನೀವು ತಿಳಿದಿದ್ದೀರಿ. ನನಗೆ ಕಾಣುವುದು ಉಲ್ಟಾ. ಹಾಗೆ ಹೇಳುವ ಸ್ಥಿತಿಗೆ ಬಂದದ್ದರಿಂದಲೇ ಬೇಜಾರು ಬಂದಿದೆ. ಎಡಕ್ಕೆ ಏನಿದೆ, ಬಲಕ್ಕೆ ಏನಿದೆ ಅಂತ ಅವರಿಗೆ ಒಂದಿಷ್ಟೂ ಗೊತ್ತಿಲ್ಲ. ಯಾವ ಕಡೆ ಹೋದರೂ ಕಳೆದುಕೊಳ್ಳುವುದು ಏನೂ ಇಲ್ಲ. ಹಾಗಿರುವಾಗ ಅವರು ಕೊಟ್ಟ ಉತ್ತರ ಸರಿಯಾಗಿಯೇ ಇದೆ ಅಲ್ವಾ?

ನಾನು ಕಂಪ್ಯೂಟರ್ ಗೇಮ್‌ಗಳಿಗೆ ಲೆವೆಲ್ ಡಿಸೈನ್, ಅಂದರೆ ಆಟ ನಡೆಯುವ ಜಾಗಗಳ ವಿನ್ಯಾಸ, ಮಾಡುವ ಕೆಲಸದವನು. ಮೇಜಿನ ಸುತ್ತ ಕೂತು ಆಡಿಸುವುದೂ ರೂಢಿ ಇದೆ. ಎರಡೂ ಕಡೆ ಕಂಡದ್ದು ಒಂದೇ. ಆಡುವವರು ನೆನಪಿಟ್ಟುಕೊಳ್ಳುವುದು ತಾವು ಓದಿ ಅರ್ಥ ಮಾಡಿಕೊಂಡ ಜಾಗವನ್ನು. ಸುಮ್ನೆ ನಡೆದು ದಾಟಿದ ಜಾಗ ಎಷ್ಟು ಚೆಂದ ಇದ್ದರೂ ಮನಸ್ಸಲ್ಲಿ ನಿಲ್ಲುವುದಿಲ್ಲ. ‘ಇಲ್ಲಿ ಹೀಗೆ ಯಾಕಿದೆ’ ಅಂತ ಒಬ್ಬ ಯೋಚಿಸಿ, ಅದರ ಮೇಲೆ ಒಂದು ತೀರ್ಮಾನ ಮಾಡಿ, ಆ ತೀರ್ಮಾನದಿಂದ ಲಾಭವೋ ನಷ್ಟವೋ ಆದರೆ ಆ ಕೋಣೆ ಅವನದ್ದಾಯಿತು.

ಮೊದಲು ನಿಮಗೆ ಸಿಕ್ಕಿರುವ ಸಲಹೆಗಳನ್ನು ನೋಡೋಣ. ಅದರಲ್ಲಿ ಒಂದೆರಡು ತಪ್ಪು ನಂಬಿಕೆಗಳಿವೆ.

ರಾಕ್ಷಸರು ಸಾಲದು ಎಂಬುದು ನಿಮ್ಮ ವಿಷಯದಲ್ಲಿ ಖಂಡಿತ ತಪ್ಪು. ಏಳು ಕೋಣೆಗೆ ನಾಲ್ಕು ಹೊಡೆದಾಟ ಈಗಲೇ ಜಾಸ್ತಿ. ಐದನೇ ಆವೃತ್ತಿಯಲ್ಲಿ ಐದು ಜನರ ಒಂದು ಕಾಳಗಕ್ಕೆ ಅರ್ಧ ಗಂಟೆ ಸಲೀಸಾಗಿ ಹೋಗುತ್ತದೆ. ನಾಲ್ಕು ಕಾಳಗ ಅಂದರೆ ಎರಡು ಗಂಟೆ. ಏಳು ಕೋಣೆ ನೋಡಲಿಕ್ಕೆ, ಮುಟ್ಟಲಿಕ್ಕೆ, ಮಾತಾಡಲಿಕ್ಕೆ ಉಳಿದದ್ದು ಒಂದೇ ಗಂಟೆ. ನೆಲಮಾಳಿಗೆಯಲ್ಲಿ ಅವರು ಮಾಡಿದ್ದು ದಾಳ ಹಾಕುವ ಕೆಲಸ ಮಾತ್ರ.

ನಕ್ಷೆ, ಗೊಂಬೆ, ಸಂಗೀತ ಇದ್ದರೆ ಚೆಂದ. ಇಲ್ಲದಿದ್ದರೆ ನಷ್ಟವಿಲ್ಲ. ಅದಕ್ಕೆ ಈಗ ದುಡ್ಡು ಹಾಕಬೇಡಿ.

ಮೂರನೆಯದು ನಿಮ್ಮದೇ ನಂಬಿಕೆ. ವರ್ಣನೆ ಜಾಸ್ತಿ ಇದ್ದಷ್ಟೂ ಕೇಳುವವರು ಒಳಗೆ ಇಳಿಯುತ್ತಾರೆ ಅಂತ. ಪುಸ್ತಕ ಓದುವವನಿಗೆ ಅದು ಸರಿ. ಅವನು ಬೇಕಾದರೆ ಹಿಂದೆ ಹೋಗಿ ಮತ್ತೆ ಓದಬಹುದು. ಕಿವಿಯಲ್ಲಿ ಕೇಳುವವನಿಗೆ ಅರ್ಧ ಪುಟ ಕೂಡಲೇ ಹಿಡಿಯುವುದಿಲ್ಲ. ಮೂರು ವಾಕ್ಯ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಕೊನೆಯಲ್ಲಿ ನೀವು ‘ಮೂಲೆಯಲ್ಲಿ ಒಂದು ಕಬ್ಬಿಣದ ಸರಪಳಿ ಇದೆ’ ಅಂತ ಮುಖ್ಯವಾದದ್ದನ್ನು ಹೇಳುವಾಗ ಕೇಳುವವರೇ ಇರುವುದಿಲ್ಲ. ಒಂದು ಕೋಣೆಗೆ ಮೂರು ಸಂಗತಿ ಸಾಕು. ಒಂದು, ಬಾಗಿಲು ತೆರೆದ ಕೂಡಲೇ ಮೂಗಿಗೋ ಕಿವಿಗೋ ಬರುವುದು. ಎರಡು, ಕಣ್ಣಿಗೆ ದೊಡ್ಡದಾಗಿ ಕಾಣುವುದು. ಮೂರು, ಕೈ ಹಾಕಬೇಕು ಅನಿಸುವ ಒಂದು ವಸ್ತು. ಅಷ್ಟು ಹೇಳಿ ನಿಲ್ಲಿಸಿ. ಉಳಿದದ್ದನ್ನು ಅವರು ಕೇಳಲಿ. ನೀವು ಬರೆದ ಅರ್ಧ ಪುಟ ವ್ಯರ್ಥ ಅಲ್ಲ. ಅದು ಅವರ ಪ್ರಶ್ನೆಗಳಿಗೆ ನಿಮ್ಮ ಹತ್ತಿರ ಇರುವ ಉತ್ತರ.

ಇನ್ನು 32 ಕೋಣೆಯ ವಿಚಾರ. ಡಂಜನ್ ಅಂದರೆ ದೊಡ್ಡದಿರಬೇಕು ಎಂಬ ಕಲ್ಪನೆ ಬಂದದ್ದಕ್ಕೆ ಕಾರಣ ಇದೆ. ಅದು ತಿಳಿದರೆ ನಿಮ್ಮ ತೊಂದರೆಯ ಬೇರು ಸಿಗುತ್ತದೆ. 1970ರ ದಶಕದ ಮೊದಲಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವ್ ಆರ್ನೆಸನ್ ಎಂಬವರು ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ಕೋಟೆಯ ಕೆಳಗೆ ನೆಲಮಾಳಿಗೆಗಳನ್ನು ಬಿಡಿಸಿ ಗೆಳೆಯರಿಗೆ ಆಡಿಸಿದರು. ಅದರಿಂದ ಹೊರಟ ಆಟವನ್ನು ಅವರೂ ಗ್ಯಾರಿ ಗೈಗ್ಯಾಕ್ಸ್ ಅವರೂ ಸೇರಿ 1974ರಲ್ಲಿ ಪ್ರಕಟಿಸಿದರು. ಆ ನೆಲಮಾಳಿಗೆಗಳು ದೊಡ್ಡವು, ನಿಜ. ಆದರೆ ಅಲ್ಲಿ ಬೇರೆ ಬೇರೆ ಗುಂಪು ಮತ್ತೆ ಮತ್ತೆ ಇಳಿಯುತ್ತಿತ್ತು. ಒಮ್ಮೆಗೆ ಪೂರ್ತಿ ಮುಗಿಸಬೇಕು ಅಂತ ಯಾರೂ ಹೋಗುತ್ತಿರಲಿಲ್ಲ. ಸಿಕ್ಕಿದಷ್ಟು ಹೊತ್ತುಕೊಂಡು ಜೀವಸಹಿತ ಮೇಲೆ ಬರುವುದೇ ಆಟ.

ಅದಕ್ಕೆ ತಕ್ಕ ನಿಯಮಗಳೂ ಇದ್ದವು. ಇದೇ ಆಟದ 1981ರ ‘ಬೇಸಿಕ್’ ನಿಯಮಗಳನ್ನೇ ನೋಡಿ. ಒಂದು ಸರದಿ ಅಂದರೆ ಆಟದೊಳಗಿನ 10 ನಿಮಿಷ. ಒಂದು ಪಂಜು 6 ಸರದಿ ಉರಿಯುತ್ತದೆ. ಎರಡು ಸರದಿಗೊಮ್ಮೆ ಆಟ ನಡೆಸುವವರು ಒಂದು ದಾಳ ಹಾಕುತ್ತಾರೆ. 1 ಬಿದ್ದರೆ ಅಲೆಯುತ್ತಿರುವ ಯಾವುದೋ ಜೀವಿ ಎದುರಾಗುತ್ತದೆ. ಒಂದು ಚಿನ್ನದ ನಾಣ್ಯ ಹೊರಗೆ ತಂದರೆ ಒಂದು ಅನುಭವದ ಅಂಕ; ಪಾತ್ರ ಬಲಿಯುವುದು ಈ ಅಂಕಗಳಿಂದ. ಜೀವಿಗಳನ್ನು ಕೊಂದರೆ ಸಿಗುವುದು ಅದಕ್ಕಿಂತ ತುಂಬ ಕಡಿಮೆ. ಈಗ ಯೋಚಿಸಿ. ಇಂಥ ನಿಯಮದಲ್ಲಿ ಎಡವೋ ಬಲವೋ ಎಂಬ ಪ್ರಶ್ನೆಗೆ ತೂಕ ಬರುತ್ತದೆ. ತಪ್ಪು ದಾರಿ ಹಿಡಿದರೆ ಪಂಜು ಸುಟ್ಟುಹೋಗುತ್ತದೆ. ತಡ ಮಾಡಿದರೆ ಏನೋ ಬರುತ್ತದೆ. ಹೊಡೆದಾಡಿದರೆ ಲಾಭ ಇಲ್ಲ, ತಪ್ಪಿಸಿಕೊಂಡರೆ ಲಾಭ.

ಐದನೇ ಆವೃತ್ತಿಯಲ್ಲಿ ಇದರಲ್ಲಿ ಬಹುಪಾಲು ಬದಲಾಗಿದೆ. ಚಿನ್ನಕ್ಕೆ ಅಂಕ ಇಲ್ಲ, ಅಂಕ ಹೆಚ್ಚಾಗಿ ಕಾಳಗಕ್ಕೆ. ಬೆಳಕಿನ ಮಂತ್ರ ಎಷ್ಟು ಸಲ ಹಾಕಿದರೂ ಖರ್ಚಿಲ್ಲ. 2014ರ ಮೂಲ ಪುಸ್ತಕದಲ್ಲಿ ಪಾತ್ರಗಳಿಗಿರುವ 9 ಕುಲಗಳಲ್ಲಿ 6 ಕುಲದವರಿಗೆ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಆಟ ಕೆಟ್ಟಿತು ಅಂತ ನಾನು ಹೇಳುತ್ತಿಲ್ಲ. ಈಗಿನ ನಿಯಮಗಳ ಬಲ ಬೇರೆ ಕಡೆ ಇದೆ. ಪಾತ್ರ, ಕಥೆ, ಕಾಳಗ ಮೊದಲಿಗಿಂತ ಎಷ್ಟೋ ಚೆನ್ನಾಗಿವೆ. ಆದರೆ ಕತ್ತಲೆಯನ್ನು, ಹೊತ್ತನ್ನು ಲೆಕ್ಕಕ್ಕೆ ತರುತ್ತಿದ್ದ ನಿಯಮಗಳು ಸಡಿಲವಾಗಿವೆ. ಹಳೆಯ ದೊಡ್ಡ ನಕ್ಷೆ ಮಾತ್ರ ಹಾಗೇ ಉಳಿದಿದೆ. ನೀವು ಆ ನಕ್ಷೆಯನ್ನು ತೆಗೆದುಕೊಂಡಿದ್ದೀರಿ. ಅದನ್ನು ಓಡಿಸುತ್ತಿದ್ದ ನಿಯಮಗಳು ನಿಮ್ಮ ಮೇಜಿನ ಮೇಲೆ ಇಲ್ಲ.

ಒಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಆ ಕತ್ತಲಲ್ಲಿ ಕಾಣುವ ಕಣ್ಣಿಗೂ ಮಿತಿ ಇದೆ. ಸಾಮಾನ್ಯವಾಗಿ 60 ಅಡಿವರೆಗೆ, ಅದೂ ಮಬ್ಬು ಬೆಳಕಿನಲ್ಲಿ ಕಂಡಷ್ಟು. ಬಣ್ಣ ಕಾಣುವುದಿಲ್ಲ, ಎಲ್ಲ ಬೂದು. ಸೂಕ್ಷ್ಮವಾದದ್ದು ಕಣ್ಣಿಗೆ ಬೀಳುವುದೂ ಕಷ್ಟ. ಇದನ್ನು ನೀವು ಬಳಸಬಹುದು. ಗೋಡೆ ತುಂಬ ಬರಹ ಇದೆ, ಅದರಲ್ಲಿ ಕೆಂಪಿನಲ್ಲಿ ಬರೆದ ಅಕ್ಷರಗಳನ್ನು ಮಾತ್ರ ಓದಬೇಕು ಅಂತ ಇಟ್ಟುಕೊಳ್ಳಿ. ದೀಪ ಹಚ್ಚದೆ ಅದು ಸಿಗುವುದಿಲ್ಲ. ದೀಪ ಹಚ್ಚಿದರೆ ದೂರದಲ್ಲಿ ಇರುವವರಿಗೆ ಇವರು ಕಾಣುತ್ತಾರೆ. ಈಗ ಒಂದು ನಿಜವಾದ ತೀರ್ಮಾನ ಹುಟ್ಟಿತು. ಹೊಸ ನಿಯಮ ಯಾವುದೂ ಬೇಕಾಗಲಿಲ್ಲ.

ಈಗ ಜಾಗದ ವಿಷಯಕ್ಕೆ ಬರುತ್ತೇನೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಊರಿನವರಿಗೆ ಇದರಲ್ಲಿ ಬೇರೆಯವರಿಗಿಲ್ಲದ ಅನುಕೂಲವೂ ಇದೆ.

ನಿಮ್ಮ ನಕ್ಷೆಯ ಯಾವುದಾದರೂ ಕೋಣೆಯ ಮೇಲೆ ಬೆರಳಿಟ್ಟು ಕೇಳಿ: ಇದನ್ನು ಯಾರು ಕಟ್ಟಿಸಿದರು, ಯಾತಕ್ಕೆ? ಅವರು ನೀರು ಎಲ್ಲಿಂದ ತಂದರು? ಹೊಗೆ ಎಲ್ಲಿಂದ ಹೊರಗೆ ಹೋಯಿತು? ಈಗ ಇಲ್ಲಿ ಇರುವವರು ಏನು ತಿನ್ನುತ್ತಾರೆ? ಉತ್ತರ ಬಾರದಿದ್ದರೆ ಅದು ಬರೀ ನಾಲ್ಕು ಗೆರೆ. ಉತ್ತರ ಇದ್ದರೆ ಆಟಗಾರರು ಅದನ್ನು ಹಿಡಿದು ಮುಂದಿನ ಕೋಣೆಯನ್ನು ಊಹಿಸಬಹುದು. ಆ ಊಹೆ ಸರಿಯಾದಾಗ ಸಿಗುವ ಖುಷಿಗೆ ಯಾವ ಬಣ್ಣದ ನಕ್ಷೆಯೂ ಸಮ ಅಲ್ಲ.

ಬೇಕಲ ಕೋಟೆಗೆ ನೀವೆಲ್ಲ ಹೋಗಿರುತ್ತೀರಿ. 17ನೇ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಎನ್ನುತ್ತಾರೆ. ಸುಮಾರು 40 ಎಕರೆ ಜಾಗ. ಇನ್ನೊಮ್ಮೆ ಹೋದಾಗ ಹೊರಗೋಡೆಯ ಕಿಂಡಿಗಳನ್ನು ಹತ್ತಿರದಿಂದ ನೋಡಿ. ಮೇಲಿನ ಸಾಲಿನ ಕಿಂಡಿ ದೂರದ ಗುರಿಗೆ. ಅದರ ಕೆಳಗಿನದು ಹತ್ತಿರ ಬಂದವರಿಗೆ. ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದವರಿಗೆ. ಕಲ್ಲಿನಲ್ಲಿ ಕೊರೆದ ಮೂರು ತೂತಿನಿಂದ ಆ ಕೋಟೆಯವರು ಯಾರಿಗೆ ಹೆದರಿದ್ದರು, ವೈರಿ ಯಾವ ಕಡೆಯಿಂದ ಬರುತ್ತಾನೆ ಅಂತ ಎಣಿಸಿದ್ದರು ಎಂಬುದು ತಿಳಿಯುತ್ತದೆ. ನಿಮ್ಮ ಡಂಜನ್‌ನಲ್ಲಿ ಒಂದು ಓಣಿಯ ಗೋಡೆಯಲ್ಲಿ ಇಂಥ ಕಿಂಡಿಗಳನ್ನು ಇಡಿ. ಆದರೆ ಅವು ಒಳಗಡೆಗೆ ಮುಖ ಮಾಡಿರಲಿ. ಅಂದರೆ ಕಟ್ಟಿದವರು ಹೊರಗಿನವರಿಗಿಂತ ಜಾಸ್ತಿ ಒಳಗಿನ ಯಾವುದಕ್ಕೋ ಹೆದರಿದ್ದರು. ನೀವು ಬಾಯಿಬಿಟ್ಟು ಹೇಳಬೇಡಿ. ಐದು ಜನರಲ್ಲಿ ಒಬ್ಬನಾದರೂ ‘ತಡಿ ಮಾರಾಯ, ಇದು ಉಲ್ಟಾ ಉಂಟಲ್ಲ’ ಅನ್ನುತ್ತಾನೆ. ಆಮೇಲೆ ಯಾರೂ ಮೊಬೈಲ್ ನೋಡುವುದಿಲ್ಲ.

ಕೋಟೆಗಿಂತಲೂ ಒಳ್ಳೆಯ ಪಾಠ ನಿಮ್ಮ ಗುಡ್ಡದಲ್ಲೇ ಇದೆ. ಸುರಂಗ. ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತೆಗೆಯುವ ಸುರಂಗಗಳನ್ನು ನೋಡಿ ಬೆಳೆದವರಿಗೆ ಡಂಜನ್ ಏನೆಂದು ವಿವರಿಸಬೇಕಾಗಿಲ್ಲ. ಅಗಲ ಎರಡು ಅಡಿಯ ಆಸುಪಾಸು. ಎತ್ತರ ಒಬ್ಬ ಮನುಷ್ಯ ನಿಲ್ಲುವಷ್ಟು. ಕೆಲವು ಹತ್ತಾರು ಅಡಿಗೆ ಮುಗಿಯುತ್ತವೆ, ಕೆಲವು 300 ಮೀಟರಿನಷ್ಟು ಒಳಗೆ ಹೋಗುತ್ತವೆ. ಒರತೆ ಸಿಗುವವರೆಗೆ ಕೊರೆಯುತ್ತಾರೆ. ನೀರು ಸಾಲದಿದ್ದರೆ ಒಳಗಿಂದಲೇ ಕವಲು ತೆಗೆಯುತ್ತಾರೆ. ನೆಲ ಸ್ವಲ್ಪ ಬಾಯಿಯ ಕಡೆಗೆ ಇಳಿಜಾರು, ಹಾಗಾಗಿ ಪಂಪು ಇಲ್ಲದೆ ನೀರು ತಾನಾಗಿ ಹೊರಗಿನ ಕೆರೆಗೆ ಬರುತ್ತದೆ. ಉದ್ದದ ಸುರಂಗಕ್ಕೆ ಗಾಳಿಗೆಂದು ಮೇಲಿನಿಂದ ಬಾವಿಯ ಹಾಗೆ ಕಂಡಿ ಇಳಿಸುತ್ತಾರೆ. ಕೊರೆಯುವವರು ಮೋಂಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. ಬತ್ತಿ ಸೊರಗಿದರೆ ಒಳಗೆ ಉಸಿರಾಡುವ ಗಾಳಿ ಕಡಿಮೆ ಅಂತ ಅರ್ಥ, ಹೊರಗೆ ಬರಬೇಕು.

ಇದರಲ್ಲಿ ಪ್ರತಿಯೊಂದೂ ಆಟಗಾರನಿಗೆ ಒಂದು ಮಾಹಿತಿ. ಕಾಲಿನ ಕೆಳಗೆ ನೀರು ಹರಿಯುವ ದಿಕ್ಕಿನಲ್ಲಿ ಹೊರಗಿನ ದಾರಿ ಇದೆ. ಎರಡು ಕವಲಿನಲ್ಲಿ ಒಂದರ ನೆಲ ಒಣಗಿದ್ದರೆ, ಒರತೆ ಸಿಗದೆ ಬಿಟ್ಟ ಸುರಂಗ ಅದು, ಅಥವಾ ಯಾರೋ ಮೇಲೆ ನೀರನ್ನು ಕಟ್ಟಿ ನಿಲ್ಲಿಸಿದ್ದಾರೆ. ಪಂಜು ಮಂಕಾದರೆ ಆ ಕಡೆ ಜಾಸ್ತಿ ಹೊತ್ತು ಇರುವಂತಿಲ್ಲ. ಮೇಲಿನಿಂದ ತರಗೆಲೆ ಬಿದ್ದಿದ್ದರೆ ಹತ್ತಿರದಲ್ಲಿ ಕಂಡಿ ಇದೆ, ಹಗ್ಗ ಇದ್ದರೆ ಹತ್ತಬಹುದು. ಎರಡು ಅಡಿ ಅಗಲದಲ್ಲಿ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು, ಉದ್ದದ ಕತ್ತಿ ಬೀಸಲಿಕ್ಕೆ ಆಗುವುದಿಲ್ಲ. ಮುಂದೆ ಯಾರು, ಹಿಂದೆ ಯಾರು ಅಂತ ಅವರೇ ಚರ್ಚೆ ಶುರು ಮಾಡುತ್ತಾರೆ. ಎಡಕ್ಕೋ ಬಲಕ್ಕೋ ಅಂತ ನೀವು ಕೇಳುವ ಮೊದಲೇ ‘ನೀರು ಯಾವ ಕಡೆಯಿಂದ ಬರ್ತಾ ಉಂಟು?’ ಅಂತ ಅವರು ಕೇಳುತ್ತಾರೆ. ನಿಮ್ಮ ನೆಲಮಾಳಿಗೆಗೆ ಕೋಟೆಯವರು ನೀರಿಗಾಗಿ ಕೊರೆಸಿದ ಇಂಥ ಒಂದೆರಡು ಸುರಂಗ ಸೇರಿಸಿದರೆ ಸಾಕು. ಅರ್ಧ ಕೆಲಸ ಮುಗಿಯಿತು.

ಇಲ್ಲಿ ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ಆಟಕ್ಕೆ ಬೇಕು ಅಂತ ಬಿಟ್ಟುಹಾಕಿದ ಸುರಂಗದ ಒಳಗೆ ಹೋಗಬೇಡಿ, ಗೆಳೆಯರನ್ನೂ ಕರಕೊಂಡು ಹೋಗಬೇಡಿ. ಮಳೆಗಾಲದಲ್ಲಿ ಮಣ್ಣು ಜರಿಯುತ್ತದೆ, ಗಾಳಿ ಕೆಟ್ಟಿರುತ್ತದೆ, ಹಾವು ಇರುತ್ತದೆ. ಸುರಂಗ ಕೊರೆದ ಹಿರಿಯರು ನಿಮ್ಮ ಕಡೆ ಈಗಲೂ ಇದ್ದಾರೆ. ಅವರ ಹತ್ತಿರ ಕೂತು ಕೇಳಿದರೆ ಯಾವ ನಿಯಮಪುಸ್ತಕದಲ್ಲೂ ಇಲ್ಲದ್ದು ಸಿಗುತ್ತದೆ.

ಒಳಗಿರುವ ಜೀವಿಗಳ ವಿಷಯ. ಪ್ರತಿ ಕೋಣೆಯಲ್ಲಿ ಒಂದು ಜೀವಿ, ಬಾಗಿಲು ತೆರೆಯುವವರೆಗೆ ಸುಮ್ಮನೆ ನಿಂತಿರುತ್ತದೆ, ತೆರೆದ ಕೂಡಲೇ ಮೈಮೇಲೆ ಬೀಳುತ್ತದೆ. ನಿಮ್ಮ ನಾಲ್ಕೂ ಹೊಡೆದಾಟ ಹೀಗೇ ಆದದ್ದು ಅಂತ ನನ್ನ ಅಂದಾಜು. ಕುಂಬಳೆ ಹತ್ತಿರದ ಅನಂತಪುರದ ಸರೋವರ ದೇವಸ್ಥಾನ ನೆನಪು ಮಾಡಿಕೊಳ್ಳಿ. ಕೆರೆಯ ನಡುವೆ ಗುಡಿ, ಅದನ್ನು ಮುಟ್ಟಲಿಕ್ಕೆ ಒಂದು ಕಾಲುಸೇತುವೆ. ಕೆರೆಯ ಮೂಲೆಯಲ್ಲಿ ಒಂದು ಗುಹೆ, ಅದರ ದಾರಿ ತಿರುವನಂತಪುರದವರೆಗೆ ಹೋಗುತ್ತದೆ ಎಂಬ ನಂಬಿಕೆ. ನೀರಿನಲ್ಲಿ ಬಬಿಯಾ ಎಂಬ ಮೊಸಳೆ. ಅದು ಯಾರಿಗೂ ಕೇಡು ಮಾಡಲಿಲ್ಲ, ನೈವೇದ್ಯದ ಅನ್ನ ತಿನ್ನುತ್ತಿತ್ತು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ದುಃಖಪಟ್ಟವರು ಎಷ್ಟು ಜನ! ಒಂದು ಜಾಗ, ಒಂದೇ ಪ್ರಾಣಿ. ಅದಕ್ಕೂ ಆ ಜಾಗಕ್ಕೂ ಸಂಬಂಧ ಇತ್ತು, ಅದಕ್ಕೊಂದು ಹೆಸರಿತ್ತು, ಊಟದ ಹೊತ್ತಿತ್ತು. ಬಂದವರೆಲ್ಲ ಅದನ್ನು ಕಾಣಲು ಕಾಯುತ್ತಿದ್ದರು. ಇದನ್ನು ಹಾಗೇ ತೆಗೆದು ಆಟಕ್ಕೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಅದು ಭಕ್ತರ ಜಾಗ, ಅದರ ಗೌರವ ಉಳಿಯಬೇಕು. ಅದರಿಂದ ಕಲಿಯಬಹುದಾದದ್ದು ಇಷ್ಟು: ಹೊಡೆಯಲೇಬೇಕಾದ ಹತ್ತು ಜೀವಿಗಳಿಗಿಂತ, ಏನು ಮಾಡಬೇಕು ಅಂತ ಕೂಡಲೇ ತಿಳಿಯದ ಒಂದು ಜೀವಿ ಹೆಚ್ಚು ಕಾಲ ನೆನಪಿರುತ್ತದೆ. ಹಳೆಯ ನಿಯಮಗಳಲ್ಲಿ ಎದುರಾದ ಜೀವಿಯ ಮನಸ್ಥಿತಿ ಹೇಗಿದೆ ಅಂತ ಎರಡು ದಾಳ ಹಾಕಿ ನೋಡುವ ಪದ್ಧತಿ ಇತ್ತು. 2 ಬಂದರೆ ಕೂಡಲೇ ದಾಳಿ, 12 ಬಂದರೆ ಸ್ನೇಹ, ನಡುವೆ ಅನುಮಾನ, ಹಿಂಜರಿಕೆ. ಅದನ್ನು ಇವತ್ತೂ ಹಾಗೇ ಬಳಸಬಹುದು.

ದೊಡ್ಡ ರಾಕ್ಷಸನನ್ನು ಹೇಗೆ ತೋರಿಸಬೇಕು ಎಂಬುದನ್ನು ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಿಗೆ ನಾನು ಕಲಿಸಬೇಕಾಗಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ, ರಂಗಕ್ಕೆ ಬರುವ ರೀತಿಯಲ್ಲೇ ಬರಲಿ. ಮೊದಲು ತೆರೆಯ ಹಿಂದಿನಿಂದ ಆರ್ಭಟ. ಆಮೇಲೆ ತೆರೆಯ ಮೇಲೆ ಕಿರೀಟದ ತುದಿ. ಚೆಂಡೆ ಏರುತ್ತದೆ, ತೆರೆ ಅಲುಗುತ್ತದೆ, ಮುಖ ಅರೆಕ್ಷಣ ಕಂಡು ಮರೆಯಾಗುತ್ತದೆ. ಪೂರ್ತಿ ವೇಷ ಕಾಣುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರುತ್ತದೆ. ನಿಮ್ಮ ಡಂಜನ್‌ನಲ್ಲಿ ಮೊದಲ ಕೋಣೆಯಲ್ಲೇ ಅದರ ಸದ್ದು ಕೇಳಿಸಿ. ಮೂರನೆಯದರಲ್ಲಿ ಅದು ತಿಂದು ಬಿಟ್ಟದ್ದು ಸಿಗಲಿ. ಐದನೆಯದರಲ್ಲಿ ಅದಕ್ಕೆ ಹೆದರಿ ಅಡಗಿ ಕೂತ ಒಬ್ಬ ಸಿಗಲಿ, ಅದರ ಒಂದು ಅಭ್ಯಾಸವನ್ನು ಅವನು ಹೇಳಲಿ.

ಇನ್ನು ದಾರಿಗಳು. ನಿಮ್ಮ ನಕ್ಷೆ ನನ್ನ ಕಣ್ಣ ಮುಂದೆ ಇಲ್ಲ. ಆದರೆ ಇಂಥ ನಕ್ಷೆಗಳು ಹೆಚ್ಚಾಗಿ ಒಂದೋ ನೇರ ಗೆರೆ, ಇಲ್ಲವೇ ಮರದ ಕೊಂಬೆ. ಕೊಂಬೆಯ ತುದಿ ಮುಟ್ಟಿ, ಅಲ್ಲಿಂದ ಹಿಂದೆ ಬಂದು, ಮತ್ತೊಂದು ಕೊಂಬೆ. ಬಂದ ದಾರಿಯಲ್ಲೇ ಹಿಂದೆ ನಡೆಯುವುದು ಯಾರಿಗೂ ಇಷ್ಟ ಆಗುವುದಿಲ್ಲ. 1970ರ ದಶಕದ ಕೊನೆಯಲ್ಲಿ ಜೆನೆಲ್ ಜಾಕ್ವೇಸ್ ಎಂಬ ವಿನ್ಯಾಸಕಿ ಮಾಡಿದ ಡಂಜನ್‌ಗಳನ್ನು ನಮ್ಮ ಕೆಲಸದವರು ಇವತ್ತೂ ತೆರೆದು ನೋಡುತ್ತಾರೆ. ಅವುಗಳಲ್ಲಿ ಒಳಗೆ ಹೋಗಲು ಒಂದಕ್ಕಿಂತ ಜಾಸ್ತಿ ಬಾಗಿಲು ಇದೆ. ಕೆಳಗಿನ ಅಂತಸ್ತಿಗೆ ಇಳಿಯಲು ಹಲವು ದಾರಿ ಇದೆ. ಹೊರಟಲ್ಲಿಗೇ ಬಂದು ಸೇರುವ ಸುತ್ತುದಾರಿಗಳೂ ಇವೆ. ಕಂಪ್ಯೂಟರ್ ಗೇಮ್‌ಗಳಲ್ಲೂ ಇದೇ ತಂತ್ರ. 2011ರ ಡಾರ್ಕ್ ಸೋಲ್ಸ್‌ನಲ್ಲಿ ಗಂಟೆಗಟ್ಟಲೆ ಕಷ್ಟಪಟ್ಟು ಮೇಲೆ ಹೋದ ಮೇಲೆ ಒಂದು ಲಿಫ್ಟ್ ಸಿಗುತ್ತದೆ. ಇಳಿದರೆ ಆಟ ಶುರುವಾದ ಹೊತ್ತಿನ ನೆಲೆಗೇ ಬಂದಿರುತ್ತೀರಿ. ಆಗ ಆ ಇಡೀ ಜಾಗ ಒಮ್ಮೆಲೇ ತಲೆಯಲ್ಲಿ ಜೋಡಿಯಾಗುತ್ತದೆ. ನೀವು ಮರೆಯದ ಡಂಜನ್‌ಗಳಲ್ಲಿ ಒಂದಾದರೂ ಹೀಗೆ ಇರುತ್ತದೆ, ನೆನಪು ಮಾಡಿ ನೋಡಿ.

ಹಾಗಾದರೆ ಎಲ್ಲ ಹರಿದು ಹಾಕಬೇಕೋ? ನಿಮ್ಮ ಮುಂದೆ ಮೂರು ದಾರಿ ಇದೆ.

ಹೊಸದಾಗಿ ಚಿಕ್ಕದು ಮಾಡುವುದು ಒಂದು. ಎಂಟರಿಂದ ಹತ್ತು ಕೋಣೆ, ಎರಡು ಸಂಜೆಯಲ್ಲಿ ಮುಗಿಯುವಷ್ಟು. ಕೆಲಸ ಅಚ್ಚುಕಟ್ಟಾಗುತ್ತದೆ. ಆದರೆ ನಿಮ್ಮವರು ಈಗಾಗಲೇ ಒಳಗಿದ್ದಾರೆ. ಅರ್ಧದಲ್ಲಿ ಬಿಟ್ಟರೆ ಇಲ್ಲಿವರೆಗೆ ಆಡಿದ್ದಕ್ಕೆ ಅರ್ಥ ಇಲ್ಲ ಅನಿಸಬಹುದು. ಪ್ರಕಟವಾದ ಸಿದ್ಧ ಡಂಜನ್ ಕೊಳ್ಳುವುದು ಇನ್ನೊಂದು. ಅದರಲ್ಲಿ ಕಲಿಯುವುದು ತುಂಬ ಇದೆ. ಆದರೆ ಇಂಗ್ಲಿಷಿನಲ್ಲಿ ಬರೆದ ನೂರಾರು ಪುಟ ಓದಿ, ಆಡಿಸುವಾಗ ಅಲ್ಲೇ ಕನ್ನಡಕ್ಕೆ ತರುತ್ತಾ ಹೋದರೆ ನಿಮ್ಮ ಮಾತಿನ ಓಟ ನಿಲ್ಲುತ್ತದೆ. ಓದಲಿಕ್ಕೆ ಕೊಳ್ಳಿ, ಆಡಿಸಲಿಕ್ಕೆ ಸದ್ಯಕ್ಕೆ ಬೇಡ.

ನಾನು ಹೇಳುವುದು ಮೂರನೆಯದು. ಇದ್ದದ್ದನ್ನೇ ರಿಪೇರಿ ಮಾಡಿ. ಮುಂದಿನ ಭಾನುವಾರಕ್ಕೆ ಮೊದಲು ನಕ್ಷೆ ಎದುರಿಟ್ಟುಕೊಂಡು ಉಳಿದ 25 ಕೋಣೆಗಳಲ್ಲಿ ನಿಮಗೇ ಇಷ್ಟವಾದ ಹತ್ತನ್ನು ಆರಿಸಿ. ಉಳಿದವು ನೀರಿನಡಿಗೆ ಹೋಗಲಿ. ಹೊರಗೆ ಮಳೆಗಾಲ, ಒಳಗೆ ಸುರಂಗದ ನೀರು ಏರಿದೆ. ಇದು ಸುಳ್ಳು ನೆಪ ಆಗಬಾರದು. ಹಾಗಾಗಿ ನೀರು ಏರುವುದನ್ನು ಅವರು ಕಣ್ಣಾರೆ ನೋಡಲಿ. ಕಳೆದ ವಾರ ಒಣಗಿದ್ದ ಮೆಟ್ಟಿಲಿನ ಕೆಳಗಿನ ಮೂರು ಹಂತ ಈಗ ಕಾಣುವುದಿಲ್ಲ. ಅಲ್ಲಿಗೆ ಹೊತ್ತಿಗೂ ಬೆಲೆ ಬಂತು. ಆಮೇಲೆ ಆ ಹತ್ತು ಕೋಣೆಗಳ ನಡುವೆ ಎರಡು ಹೊಸ ದಾರಿ ಎಳೆಯಿರಿ. ಒಂದು ಎಲ್ಲರಿಗೂ ಕಾಣುವುದು, ಒಂದು ಹುಡುಕಬೇಕಾದದ್ದು. ಪ್ರತಿ ಕವಲಿನಲ್ಲಿ ಎರಡೂ ಕಡೆಗೆ ಒಂದೊಂದು ಗುರುತು ಇಡಿ: ವಾಸನೆ, ಸದ್ದು, ಹೆಜ್ಜೆ ಗುರುತು, ಗಾಳಿ, ನೀರು. ಗುರುತು ಇಲ್ಲದ ಕವಲು ಒಂದೂ ಇರಬಾರದು.

ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ದಾರಿ ಜಾಸ್ತಿ ಇಟ್ಟರೆ ನೀವು ಪ್ರೀತಿಯಿಂದ ಮಾಡಿದ ಒಂದು ಕೋಣೆಯನ್ನು ಅವರು ನೋಡದೆಯೇ ಹೋಗಬಹುದು. ಅಥವಾ ಎರಡನೇ ಕೋಣೆಯಿಂದ ನೇರ ದೊಡ್ಡ ರಾಕ್ಷಸನ ಎದುರಿಗೆ ಹೋಗಿ ನಿಲ್ಲಬಹುದು. ಎರಡೂ ಆಗುವುದಿದ್ದರೆ ಆಗಲಿ, ತಡೆಯಬೇಡಿ. ನೋಡದ ಕೋಣೆ ಇನ್ನೊಂದು ಡಂಜನ್‌ಗೆ ಬರುತ್ತದೆ. ರಾಕ್ಷಸನ ಎದುರು ಹೋದವರಿಗೆ ಓಡುವ ದಾರಿ ಇದ್ದರೆ ಸಾಕು. ಅವರನ್ನು ಎಳೆದು ನಿಮಗೆ ಬೇಕಾದ ಸಾಲಿಗೆ ತರಲು ಹೋದರೆ, ಮತ್ತೆ ಯಾವ ತೀರ್ಮಾನಕ್ಕೂ ಅರ್ಥ ಉಳಿಯುವುದಿಲ್ಲ.

ಹೊತ್ತಿನ ಲೆಕ್ಕ ಇಡುವುದರಲ್ಲಿ ಇನ್ನೊಂದು ಅಪಾಯ. ಹೊಸಬರು ಹೆದರಿ ಏನನ್ನೂ ಮುಟ್ಟದೆ ಕೂರುತ್ತಾರೆ. ಪುಸ್ತಕದಲ್ಲಿ ಬರೆದಿಡುವುದು ನಿಮಗೂ ಕಿರಿಕಿರಿ. ಸುಲಭದ ದಾರಿ ಹೇಳುತ್ತೇನೆ. ಮೇಜಿನ ನಡುವೆ ಆರು ಹುಣಸೆಬೀಜ ಇಡಿ. ಒಂದು ಕೋಣೆ ಹುಡುಕಿದರೆ, ಬೀಗ ತೆಗೆದರೆ, ಗದ್ದಲ ಮಾಡಿದರೆ ಒಂದು ಬೀಜ ತೆಗೆಯಿರಿ. ಆರೂ ಮುಗಿದಾಗ ನೀರು ಒಂದು ಮೆಟ್ಟಿಲು ಏರುತ್ತದೆ, ಅಲೆಯುವ ಜೀವಿಗೆ ದಾಳ ಬೀಳುತ್ತದೆ. ಮತ್ತೆ ಆರು ಇಡಿ. ಎಲ್ಲರ ಕಣ್ಣೆದುರು ಇರುವುದರಿಂದ ಅನ್ಯಾಯ ಆಯಿತು ಅಂತ ಯಾರೂ ಹೇಳಲಿಕ್ಕಿಲ್ಲ. ಎರಡು ಸಂಜೆ ಆಡಿದ ಮೇಲೂ ಅವರಿಗೆ ಹಿಡಿಸದಿದ್ದರೆ ಬಿಟ್ಟುಬಿಡಿ.

ಬೋನು, ಗುಂಡಿ, ವಿಷದ ಮುಳ್ಳು ಇಡುವಾಗಲೂ ಇದೇ ಮಾತು. ಯಾವ ಸುಳಿವೂ ಇಲ್ಲದೆ ಕಾಲ ಕೆಳಗೆ ನೆಲ ಕುಸಿದರೆ ಅದರಲ್ಲಿ ಆಟ ಇಲ್ಲ. ದಾಳ ಹಾಕಿ ಪೆಟ್ಟು ಲೆಕ್ಕ ಹಾಕಿದ್ದು ಅಷ್ಟೇ. ಆಮೇಲೆ ಅವರು ಪ್ರತಿ ಹೆಜ್ಜೆಗೂ ‘ನೆಲ ಪರೀಕ್ಷೆ ಮಾಡ್ತೇನೆ’ ಅನ್ನಲು ಶುರು ಮಾಡುತ್ತಾರೆ, ಅದಕ್ಕೇ ಅರ್ಧ ಸಂಜೆ ಹೋಗುತ್ತದೆ. ಬೋನು ಎದುರಿಗೇ ಕಾಣಲಿ. ಹಿಂದೆ ಬಿದ್ದವನ ಎಲುಬೂ ಕಾಣಲಿ. ದಾಟುವುದು ಹೇಗೆ ಎಂಬುದೇ ಪ್ರಶ್ನೆಯಾಗಲಿ. ಹಾಗೆಯೇ ಮುಂದೆ ಹೋಗಲು ತಿಳಿಯಲೇಬೇಕಾದ ಯಾವ ಗುಟ್ಟನ್ನೂ ಒಂದೇ ಕಡೆ ಅಡಗಿಸಬೇಡಿ. ಮೂರು ಕಡೆ ಮೂರು ಸುಳಿವು ಇಡಿ. ಎರಡನ್ನು ಅವರು ತಪ್ಪಿಸಿಕೊಳ್ಳುತ್ತಾರೆ ಅಂತಲೇ ಲೆಕ್ಕ ಹಾಕಿ.

ಆಟಕ್ಕೆ ಕೂರುವ ಮೊದಲು ಇನ್ನೊಂದು ಕೆಲಸ. ಇಕ್ಕಟ್ಟಿನ ಜಾಗ, ಉಸಿರು ಕಟ್ಟುವುದು, ಮುಳುಗುವುದು ಕೆಲವರಿಗೆ ನಿಜವಾಗಿಯೂ ತಡೆಯಲಾಗದ ಸಂಗತಿಗಳು. ಐದೂ ಜನರನ್ನು ಬೇರೆ ಬೇರೆಯಾಗಿ ಒಮ್ಮೆ ಕೇಳಿಬಿಡಿ. ಯಾರಾದರೂ ಬೇಡ ಅಂದರೆ ಕಾರಣ ಕೇಳದೆ ಅದನ್ನು ಬಿಡಿ. ನೀರಿನ ಬದಲು ಹೊತ್ತಿಗೆ ಬೇರೆ ಬೆಲೆ ಇಡಲು ಆಗುತ್ತದೆ. ಬೆಳಗಾಗುವ ಮೊದಲು ಮುಚ್ಚುವ ಹೊರಬಾಗಿಲು, ಅಥವಾ ಅದೇ ನಿಧಿ ಹುಡುಕುತ್ತಿರುವ ಇನ್ನೊಂದು ಗುಂಪು.

ಕೊನೆಯದಾಗಿ ನಕ್ಷೆಯ ಪ್ರಶ್ನೆ. ನಿಮ್ಮದನ್ನು ತೋರಿಸಬೇಡಿ. ಒಂದು ಖಾಲಿ ಹಾಳೆ, ಪೆನ್ಸಿಲು ಅವರ ಕಡೆಗೆ ಕೊಡಿ. ಬಿಡಿಸುವವರು ಒಬ್ಬರು ಇರಲಿ, ಸಾಧ್ಯವಾದರೆ ಎಲ್ಲರಿಗಿಂತ ಜಾಸ್ತಿ ಮೊಬೈಲ್ ನೋಡುವವರು. ಅಳತೆ ಕರಾರುವಾಕ್ಕಾಗಿ ಹೇಳುತ್ತಾ ಕೂರಬೇಡಿ, ‘ಇಲ್ಲಿಂದ ಇಪ್ಪತ್ತು ಹೆಜ್ಜೆ, ಆಮೇಲೆ ಬಲಕ್ಕೆ ತಿರುವು’ ಅಂದರೆ ಸಾಕು. ಅವರು ತಪ್ಪು ಬಿಡಿಸಿದರೆ, ಅವರ ಪಾತ್ರಗಳಿಗೆ ಕಣ್ಣೆದುರೇ ಕಾಣುವಂಥದ್ದಾದರೆ ಮಾತ್ರ ತಿದ್ದಿ. ಉಳಿದದ್ದು ತಪ್ಪಾಗಿಯೇ ಇರಲಿ. ಸುತ್ತುದಾರಿಯಲ್ಲಿ ಬಂದು ಹಳೆಯ ಕೋಣೆಗೆ ಇನ್ನೊಂದು ಬಾಗಿಲಿನಿಂದ ಕಾಲಿಟ್ಟಾಗ ಅವರೇ ಹಾಳೆ ತಿರುಗಿಸಿ, ಎಲ್ಲಿ ತಪ್ಪಿತು ಅಂತ ಹುಡುಕಿ, ರಬ್ಬರು ಕೇಳುತ್ತಾರೆ. ಆಗ ನೀವು ಐದು ನಿಮಿಷ ಏನೂ ಮಾತಾಡಬೇಡಿ.